ಬ್ಯಾಳಿ ಬೇಯದ ನೀರಾಗ ಬಣ್ಣದ ಮೀನು

ಪ್ರಶ್ನೆ: ಸರ್, ಎರಡು ಫೂಟಿನ ಟ್ಯಾಂಕ್ ತಗೊಂಡು ಅಂಗಡಿಯವ್ರು ಆಫ್ರಿಕನ್ ಸಿಕ್ಲಿಡ್ ಅಂತ ಕೊಟ್ಟ ಹಳದಿ, ನೀಲಿ ಮೀನು ಎಂಟು ಬಿಟ್ಟಿದ್ದೆ. ನಮ್ಮ ಬೋರ್ ನೀರು ಭಾಳ ಸವಳು ಅಂತ ಆರ್‌ಒ ಕ್ಯಾನ್ ತರಿಸಿ ಹಾಕ್ತೀನಿ. ವಾರಕ್ಕೊಮ್ಮೆ ಪೂರಾ ಖಾಲಿ ಮಾಡಿ ಕಲ್ಲು, ಫಿಲ್ಟರ್ ಎಲ್ಲಾ ಸಾಬೂನು ಹಚ್ಚಿ ತೊಳಿತೀನಿ. ಆದ್ರೂ ಐದು ಸತ್ವು, ಉಳಿದ ಮೂರರಾಗ ಒಂದು ಬಾಕಿ ಎರಡಕ್ಕ ಮೂಲಿಗೆ ಒತ್ತಿ ಕಡಿತದ. ಏನ್ ತಪ್ಪಾಗ್ಯಾದ?
ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲ ಆ ಸಾಬೂನು ದೂರ ಇಡ್ರಿ. ಮತ್ತ ಆರ್‌ಒ ಕ್ಯಾನು ನೀವೇ ಕುಡೀರಿ, ಮೀನಿಗೆ ಬ್ಯಾಡ. ನಿಮ್ಮ ಮೀನು ಆಫ್ರಿಕಾದ ಮಲಾವಿ ಸರೋವರದ್ವು ಅನ್ನಸ್ತದ, ಅಲ್ಲಿ ನೀರೇ ಗಡಸು, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನೋ ಅಳತಿ) 7.8ರಿಂದ 8.6ರ ತನಕ ಇರ್ತದ. ಯಾವ ನೀರಾಗ ತೊಗರಿ ಬ್ಯಾಳಿ ಬೇಯಂಗಿಲ್ಲ, ಬಕೀಟಿಗೆ ಬಿಳಿ ಪದರು ಕಟ್ತದ ಅಂತ ಮನ್ಯಾಗ ದಿನಾ ಬೈತೀವೋ ಅದೇ ನೀರು ಇವಕ್ಕ ತವರಿದ್ದಂಗ. ಆರ್‌ಒ ನೀರಾಗ ಸುಣ್ಣದ ಅಂಶನೇ ಇರಂಗಿಲ್ಲ, ಪಿಎಚ್ ನಿಲ್ಲಂಗಿಲ್ಲ, ಮ್ಯಾಲ ವಾರಕ್ಕೊಮ್ಮೆ ಪೂರಾ ನೀರು ಬದಲಿಸಿದ್ರ ಮೀನಿಗೆ ವಾರಕ್ಕೊಂದು ಹೊಸ ಊರು ತೋರಿಸಿದಂಗ ಆತು. ಬೋರ್ ನೀರೇ ಹಾಕ್ರಿ. ನಳದ ನೀರಿದ್ರ ಕ್ಲೋರಿನ್ ಹೋಗೋ ಔಷಧ ಹಾಕಿ ಬಿಡ್ರಿ.

ಫಿಲ್ಟರ್ ತೊಳಿಯೋದು ಇನ್ನೂ ದೊಡ್ಡ ತಪ್ಪು. ಮೀನಿನ ಹೊಲಸಿನಿಂದ ಅಮೋನಿಯಾ ಅನ್ನೋ ವಿಷ ಆಗ್ತದ, ಫಿಲ್ಟರಿನ ಸ್ಪಂಜಿನಾಗ ಬೆಳೆಯೋ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡಿ ಆಮ್ಯಾಲ ಕಡಿಮಿ ವಿಷದ ನೈಟ್ರೇಟ್ ಮಾಡ್ತಾವ. ಈ ಬ್ಯಾಕ್ಟೀರಿಯಾ ನೆಲೆ ನಿಲ್ಲಾಕ 4ರಿಂದ 6 ವಾರ ಬೇಕು, ನೀವು ಪ್ರತಿ ವಾರ ಸಾಬೂನು ಹಚ್ಚಿ ಅವನ್ನ ಕೊಲ್ಲಾಕತ್ತೀರಿ. ನಮ್ಮಂಥ ಗಡಸು ನೀರಾಗ ಅಮೋನಿಯಾದ ವಿಷ ಇನ್ನೂ ಜಾಸ್ತಿ ಹತ್ತತದ, ಪಿಎಚ್ ಏರಿದಂಗ ಏರತದ ಅದು. ವಾರಕ್ಕ ಕಾಲು ಭಾಗ ನೀರು ತಗದು ಅಷ್ಟೇ ಹಾಕ್ರಿ, ಸ್ಪಂಜನ್ನ ಆ ತಗದ ನೀರಾಗೇ ಹಿಂಡ್ರಿ, ಸಾಕು.

ಕಡಿಯೋ ವಿಷಯ. ಎರಡು ಫೂಟಿನ ಟ್ಯಾಂಕಿನಾಗ ಐವತ್ತು ಲೀಟರ್ ಹಿಡಿದ್ರ ಹೆಚ್ಚು, ಓಡಿ ಹೋಗಾಕ ಜಾಗನೇ ಇಲ್ಲ. ನಾಲ್ಕು ಫೂಟು ಉದ್ದ, ಒಂದೂವರಿ ಅಗಲ, ಒಂದೂವರಿ ಎತ್ತರ ಇದ್ರ 250 ಲೀಟರ್ ಮ್ಯಾಲ ಹಿಡಿತದ, ಅಂದ್ರ ನೀರಿನ ತೂಕನೇ ಎರಡೂವರಿ ಕ್ವಿಂಟಲ್, ಸ್ಟ್ಯಾಂಡ್ ನೋಡಿ ಇಡ್ರಿ. ಅದರಾಗ ಹದಿನೈದಿಪ್ಪತ್ತು ಮೀನು ಒಟ್ಟಿಗೆ ಬಿಟ್ರ ಜಗಳ ಹಂಚಿಕೊಂಡು ಹೋಗ್ತದ, ಒಂದರ ಮ್ಯಾಲೇ ಬೀಳಂಗಿಲ್ಲ. ಒಂದು ಗಂಡಿಗೆ ಮೂರ್ನಾಕು ಹೆಣ್ಣು ಇರಲಿ. ಕಲ್ಲಿಗೆ ದುಡ್ಡು ಕೊಡಬ್ಯಾಡ್ರಿ, ಮನಿ ಕಟ್ಟೋ ಜಾಗದಾಗ ಶಹಾಬಾದ್ ಫರ್ಸಿ ತುಂಡು ಬಿದ್ದಿರ್ತಾವ, ಸುಣ್ಣದ ಕಲ್ಲೇ ಅವು, ಪಾಲಿಶ್ ಇಲ್ಲದವ್ನ ತೊಳದು ಗುಹೆ ಹಂಗ ಕಟ್ರಿ. ಮೊದಲ ಕಲ್ಲು ಕೂಡಿಸಿ ಆಮ್ಯಾಲ ಮರಳು ಹಾಕ್ರಿ, ಯಾಕಂದ್ರ ಇವು ಮರಳು ಅಗಿತಾವ, ನನ್ನ ಟ್ಯಾಂಕಿನಾಗ ಹಿಂಗ ಅಗದು ಕಲ್ಲು ಬಿದ್ದು ರಾತ್ರಿ ಹನ್ನೆರಡಕ್ಕ ಮನಿಯವ್ರೆಲ್ಲ ಎದ್ದಿದ್ರು.

ಮಲಾವಿ ಮೀನಿಗೆ ಊಟ ಕಡಿಮಿ. ಅದರಾಗೂ ಎಂಬೂನಾ ಅನ್ನೋ ಜಾತಿ ಕಲ್ಲಿಗೆ ಅಂಟಿದ ಪಾಚಿ ಕೆರದು ತಿನ್ನೋದು, ಅದಕ್ಕ ದಿನಾ ರಕ್ತಹುಳು, ಮಾಂಸ ಹಾಕಿದ್ರ ಹೊಟ್ಟಿ ಉಬ್ಬಿ ಸಾಯ್ತದ. ಸ್ಪಿರುಲಿನಾ ಅನ್ನೋ ಪಾಚಿ ಇರೋ ಮೀನಿನ ಕಾಳು ಹಾಕ್ರಿ.

ಇನ್ನ ಬ್ಯಾಸಗಿ. 24ರಿಂದ 27 ಡಿಗ್ರಿ ನೀರು ಬೇಕಾದ ಮೀನಿಗೆ ನಮ್ಮ ಮೇ ತಿಂಗಳು ನರಕ. ನೀರು ಬಿಸಿ ಆದಂಗ ಅದರಾಗ ಆಕ್ಸಿಜನ್ ಕರಗೋದು ಕಡಿಮಿ. ಮುಚ್ಚಳ ತಗದು ಜಾಳಿಗಿ ಹಾಕಿ ಸಣ್ಣ ಫ್ಯಾನು ನೀರಿನ ಮ್ಯಾಲ ಬಿಡ್ರಿ, ಎರಡು ಮೂರು ಡಿಗ್ರಿ ಇಳಿತದ. ಏರ್ ಪಂಪು ಇನ್ವರ್ಟರಿಗೆ ಕೊಡ್ರಿ, ಟಿವಿ ಬಂದಾದ್ರ ನಡಿತದ, ಇದು ಬಂದಾಗಬಾರದು.

ಪ್ರಶ್ನೆ: ಮಲಾವಿ ಮೀನಿನ ಜೋಡಿ ಡಿಸ್ಕಸ್, ಆಸ್ಕರ್ ಬಿಡಬಹುದಾ?
ಓದುಗರೊಬ್ಬರು, ಬೀದರ್

ಉತ್ತರ: ಬ್ಯಾಡ್ರಿ. ಮೂರೂ ಸಿಕ್ಲಿಡ್ ಕುಲದವೇ ಖರೆ, ಜಿಲೇಬಿ ಮೀನೂ ಅದೇ ಕುಲ. ಆದ್ರ ಡಿಸ್ಕಸ್ಸು ದಕ್ಷಿಣ ಅಮೆರಿಕಾದ್ದು, ಮೆತ್ತನ ಹುಳಿ ನೀರು, 28ರಿಂದ 30 ಡಿಗ್ರಿ ಬೇಕು, ಆರ್‌ಒ ನೀರು ಬೇಕಿದ್ರ ಅದಕ್ಕ ಬೇಕು. ಆಸ್ಕರ್ ಬೊಟ್ಟಿನಷ್ಟು ಇದ್ದಾಗ ಮುದ್ದು, ಬೆಳದು ಒಂದು ಫೂಟು ಆಗ್ತದ, ಬಾಯಾಗ ಹಿಡಿಸಿದ್ದೆಲ್ಲಾ ನುಂಗತದ.

ಪ್ರಶ್ನೆ: ಒಂದು ಹಳದಿ ಮೀನು ಹತ್ತು ದಿನದಿಂದ ತಿನ್ನವಲ್ದು, ಗದ್ದ ಬಾತಂಗ ಆಗ್ಯಾದ. ಯಾವ ಔಷಧ ಹಾಕಲಿ?
ಓದುಗರೊಬ್ಬರು, ಶಹಾಪುರ

ಉತ್ತರ: ತಡೀರಿ, ಔಷಧ ಹಾಕಬ್ಯಾಡ್ರಿ! ರೆಕ್ಕಿ ಚೊಲೋ ಬಿಚ್ಚಿಕೊಂಡು ಬಾಯಾಗ ಏನೋ ಮುಕ್ಕಳಿಸಿದಂಗ ಮಾಡಾಕತ್ತಿದ್ರ ಅಕಿ ಬಸುರಿ ಇದ್ದಂಗ, ಬಾಯಾಗ ತತ್ತಿ ಇಟ್ಕೊಂಡಾಳ. ಮೂರು ವಾರ ಹಿಂಗೇ ಉಪಾಸ ಇರ್ತಾಳ. ಅಟ್ಟಿಸಿಕೊಂಡು ಹೋಗಿ ಜಾಳಿಗಿಲೆ ಹಿಡದ್ರಿ ಅಂದ್ರ ಹೆದರಿ ಉಗುಳಿಬಿಡ್ತಾಳ ಇಲ್ಲಾ ನುಂಗತಾಳ. ಲೈಟ್ ಕಡಿಮಿ ಮಾಡಿ ಬಿಟ್ಟುಬಿಡ್ರಿ. ಹತ್ತು ದಿನ ಆಗ್ಯಾವ ಅಂತೀರಿ, ಇನ್ನ ಹತ್ತು ಹನ್ನೊಂದು ದಿನ ಕಾದು ಸಣ್ಣ ಮರಿಗೆ ಕಾಳು ಪುಡಿ ಮಾಡಿ ಇಟ್ಕೋರಿ.