ಮೊದಲು ಈಜು, ಆಮೇಲೆ ಜಿಗಿತ

ಪ್ರಶ್ನೆ: ಜುಲೈನಲ್ಲಿ ಸ್ವಿಟ್ಜರ್ಲೆಂಡ್‌ನ ಇಂಟರ್‌ಲಾಕೆನ್‌ಗೆ ಹೊರಟಿದ್ದೇವೆ. ಮಗಳು ಗೈಡ್ ಜೊತೆ ಕ್ಯಾನಿಯನಿಂಗ್ (ಕಣಿವೆಯ ತೊರೆಯಲ್ಲಿ ಈಜಿ, ಜಿಗಿದು, ಹಗ್ಗ ಹಿಡಿದು ಇಳಿಯುವ ಸಾಹಸ) ಬುಕ್ ಮಾಡಿದ್ದಾಳೆ. ನನಗೆ ಈಜು ಅಷ್ಟಕ್ಕಷ್ಟೇ. ತಯಾರಿ ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಈಜು ಅಷ್ಟಕ್ಕಷ್ಟೇ ಎಂಬುದನ್ನು ಕಂಪನಿಗೆ ಈಗಲೇ ತಿಳಿಸಿ. ಸಂಕೋಚ ಬೇಡ. ಸುಲಭದ ಕಣಿವೆಗಳೂ ಇವೆ. ಹೋಗುವವರೆಗೆ ದಿನಾ ಈಜುಕೊಳಕ್ಕೆ ಇಳಿಯಿರಿ. ಮುಖ ಮುಳುಗಿದಾಗ ಗಾಬರಿಯಾಗದಿದ್ದರೆ ಅರ್ಧ ಗೆದ್ದಂತೆ. ಮೆಟ್ಟಿಲು ಹತ್ತಿಳಿಯುವುದೂ ಒಳ್ಳೆಯದು, ಬಂಡೆ ಮೇಲೆ ಕೆಲಸವೆಲ್ಲ ಮಂಡಿಗೇ ಅಲ್ವಾ?

ವೆಟ್‌ಸೂಟ್ (ತಣ್ಣೀರಲ್ಲಿ ಮೈ ಬೆಚ್ಚಗಿಡುವ ಉಡುಪು), ಹೆಲ್ಮೆಟ್, ಹಾರ್ನೆಸ್ (ಹಗ್ಗ ಸಿಕ್ಕಿಸುವ ಸೊಂಟಪಟ್ಟಿ) ಅವರೇ ಕೊಡುತ್ತಾರೆ. ನೀವು ಈಜುಡುಗೆ, ಟವೆಲ್ ಒಯ್ದರೆ ಸಾಕು. ಉಂಗುರ, ಸರ ರೂಮಿನಲ್ಲೇ ಇರಲಿ. ಕನ್ನಡಕಕ್ಕೆ ಪಟ್ಟಿ ಕಟ್ಟಿ. ನೀರು ಹಿಮ ಕರಗಿದ್ದು. ನಮ್ಮ ಕಾವೇರಿಯ ತಂಪು ನೆನೆಸಿಕೊಂಡು ಹೋಗಬೇಡಿ!

ಮಳೆಯ ವಿಚಾರದಲ್ಲಿ ಮಾತ್ರ ನಾನು ಕಟ್ಟುನಿಟ್ಟು. 1999ರ ಜುಲೈ 27ರಂದು ಅಲ್ಲೇ ಹತ್ತಿರದ ಸಾಕ್ಸೆಟೆನ್‌ಬಾಖ್ ಕಣಿವೆಗೆ ಗುಡುಗುಮಳೆಯಿಂದ ದಿಢೀರ್ ಪ್ರವಾಹ ಬಂತು. 21 ಜನ ಸತ್ತರು, ಅವರಲ್ಲಿ ಗೈಡ್‌ಗಳೂ ಇದ್ದರು. ಮಳೆ ಮೇಲೆಲ್ಲೋ ಸುರಿದರೂ ಇಕ್ಕಟ್ಟಿನ ಕಣಿವೆಯಲ್ಲಿ ನೀರು ಕ್ಷಣದಲ್ಲಿ ಏರುತ್ತದೆ. 2014ರಿಂದ ಅಲ್ಲಿ ಇಂಥ ಕಂಪನಿಗಳಿಗೆ ಪರವಾನಗಿ ಕಡ್ಡಾಯ. ಅದನ್ನು ಕೇಳಿ. ಹವಾಮಾನ ಕೆಟ್ಟು ರದ್ದಾದರೆ ದುಡ್ಡು ವಾಪಸ್ ಕೊಡುತ್ತಾರಾ, ಅದನ್ನೂ ಕೇಳಿ. ಇವತ್ತು ಇಳಿಯೋದು ಬೇಡ ಎಂದು ಗೈಡ್ ಹೇಳಿದ ದಿನ ಸುಮ್ನೆ ವಾದ ಮಾಡಬೇಡಿ, ಪಕ್ಕದ ಬ್ರಿಯೆಂಟ್ಸ್ ಕೆರೆಯಲ್ಲಿ ದೋಣಿ ಹತ್ತಿ.