ಸಂಪಾದಕರ ಉತ್ತರ: ಕ್ರೀಡಾ ಪುಟದ ಕುರ್ಚಿಗೆ ಯಾರು ಬೇಕು?

ಹರಪನಹಳ್ಳಿಯ ಓದುಗರೊಬ್ಬರು, ಹೆಸರು ಅಚ್ಚಾಗದಿರಲಿ ಎಂಬ ಕೋರಿಕೆಯೊಂದಿಗೆ, ಎರಡು ಪುಟಗಳ ಪತ್ರ ಬರೆದಿದ್ದಾರೆ. ದಿನಪತ್ರಿಕೆಯೊಂದರ ಜಿಲ್ಲಾ ಆವೃತ್ತಿಯಲ್ಲಿ ಅವರು ಒಂಬತ್ತು ವರ್ಷಗಳಿಂದ ಉಪಸಂಪಾದಕಿ. ವಾರಕ್ಕೆ ಎರಡು ರಾತ್ರಿ ಕ್ರೀಡಾ ಪುಟ ಕಟ್ಟುವುದು ಅವರ ಪಾಲಿನ ಕೆಲಸ. ಈಗ ಬೆಂಗಳೂರಿನ ಇನ್ನೊಂದು ಪತ್ರಿಕೆ ಕ್ರೀಡಾ ಸಂಪಾದಕರ ಹುದ್ದೆಗೆ ಅರ್ಜಿ ಕರೆದಿದೆ. ‘ಐಪಿಎಲ್ ಮತ್ತು ಎರಡು ವಿಶ್ವಕಪ್‌ಗಳನ್ನು ವರದಿ ಮಾಡಿರುವ, ಇಂಗ್ಲಿಷ್ ಚೆನ್ನಾಗಿ ಬಲ್ಲ ಪರಿಚಿತರೊಬ್ಬರು ಅರ್ಜಿ ಹಾಕಿದ್ದಾರೆ. ನಾನು ಬರೀ ಡೆಸ್ಕಿನವಳು. ಕಾಲೇಜಿನಲ್ಲಿ ಖೋ ಖೋ ಆಡಿದ್ದೊಂದೇ ನನ್ನ ಬಂಡವಾಳ. ಅರ್ಜಿ ಹಾಕಿದರೆ ನಗೆಪಾಟಲಾಗುವುದಿಲ್ಲವೇ? ಹಾಕುವುದಾದರೆ ಖೋ ಖೋ ಪ್ರಮಾಣಪತ್ರವನ್ನು ಲಗತ್ತಿಸಲೇ?’ ಎಂದು ಕೇಳಿ, ಅರ್ಜಿಯ ಕರಡನ್ನೂ ಜೊತೆಗಿಟ್ಟು ಕಳುಹಿಸಿದ್ದಾರೆ.

ಅರ್ಜಿ ಹಾಕಿ. ಆದರೆ ಈ ಕರಡನ್ನು ಮಾತ್ರ ಕಳುಹಿಸಬೇಡಿ.

ನಿಮ್ಮ ಪರಿಚಿತರನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೊಡ್ಡ ಪಂದ್ಯಗಳ ಒತ್ತಡದಲ್ಲಿ ಗಡುವಿನೊಳಗೆ ವರದಿ ಕಳುಹಿಸಿದ ಅನುಭವ ಸಣ್ಣದಲ್ಲ, ಓದುಗರಿಗೆ ಕ್ರಿಕೆಟ್ ಬೇಕು ಎನ್ನುವುದೂ ನಿಜ. ಅವರ ಅರ್ಹತೆಯ ಬಗ್ಗೆ ಇಷ್ಟು ಹೇಳಿದರೆ ಸಾಕು, ಏಕೆಂದರೆ ಆಯ್ಕೆ ಸಮಿತಿಯವರು ಅದನ್ನು ನನಗಿಂತ ಹೆಚ್ಚಾಗಿಯೇ ಹೇಳಿಕೊಳ್ಳುತ್ತಾರೆ. ಅವರಿಗೆ ಕಾಣದೆ ಹೋಗುವ ಅರ್ಹತೆ ನಿಮ್ಮದು.

ನಾನು ಈ ಮಾಸಪತ್ರಿಕೆಗೆ ಬರುವ ಮುನ್ನ ಒಂದು ದಿನಪತ್ರಿಕೆಯ ಕ್ರೀಡಾ ಡೆಸ್ಕಿನಲ್ಲಿದ್ದೆ. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ 74 ರನ್ನಿಗೆ ಪಾಕಿಸ್ತಾನದ ಹತ್ತೂ ವಿಕೆಟ್ ಉರುಳಿಸಿದ ಸಂಜೆ ಪುಟ ಕಟ್ಟುವ ಸರದಿ ನನ್ನದಾಗಿತ್ತು. ಸುದ್ದಿ ಏಜೆನ್ಸಿಯಿಂದ ಬಂದ ಪ್ರತಿಯನ್ನು ನಾನು ಅನುವಾದಿಸಿ ಕೊಟ್ಟೆ. ನಮ್ಮ ಹಿರಿಯರು, ಬೆಂಗಳೂರಿನ ಲೀಗ್ ಪಂದ್ಯಗಳನ್ನು ವರ್ಷಗಟ್ಟಲೆ ಬೌಂಡರಿ ಗೆರೆಯ ಆಚೆ ಕುಳಿತು ನೋಡಿದವರು, ಅದನ್ನು ಓದಿ ಪಕ್ಕಕ್ಕಿಟ್ಟರು. ‘ಒಂಬತ್ತು ವಿಕೆಟ್ ಬಿದ್ದ ಮೇಲೆ ಶ್ರೀನಾಥ್ ಏನು ಮಾಡಿದ?’ ಎಂದು ಕೇಳಿದರು. ಹತ್ತನೆಯದೂ ಗೆಳೆಯನಿಗೇ ದಕ್ಕಲೆಂದು ಮೈಸೂರಿನ ಹುಡುಗ ಚೆಂಡನ್ನು ವಿಕೆಟ್ಟಿನಿಂದ ದೂರ ದೂರ ಎಸೆದ ಆ ಓವರಿನಿಂದಲೇ ಅವರು ವರದಿಯನ್ನು ಹೊಸದಾಗಿ ಬರೆದರು. ನಾನೂ ಟಿ.ವಿ.ಯಲ್ಲಿ ಅದನ್ನು ನೋಡಿದ್ದೆ. ಅದೇ ಸುದ್ದಿ ಎಂದು ನನಗೆ ಹೊಳೆದಿರಲಿಲ್ಲ. ಆ ಇಬ್ಬರನ್ನೂ ಹುಡುಗರಾಗಿದ್ದಾಗಿನಿಂದ ಮೈದಾನದಲ್ಲಿ ಕಂಡವರಿಗೆ ಹೊಳೆಯಿತು.

ಕ್ರಿಕೆಟ್ಟಿನ ಮಾತೇ ಹೀಗಿರುವಾಗ ಉಳಿದ ಆಟಗಳ ಪಾಡೇನು? 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಲೆಕ್ಕ ಹಾಕಿ ನೂರು ಮೀಟರಿಗೆ 9.55 ಸೆಕೆಂಡು ಎಂದರು, ಉಸೇನ್ ಬೋಲ್ಟ್‌ನ ದಾಖಲೆ 9.58 ಎಂದರು, ದೇಶದ ಪತ್ರಿಕೆಗಳೆಲ್ಲ ಅದನ್ನು ಎತ್ತಿಕೊಂಡವು. ಕೆಸರುಗದ್ದೆಯ ಅಂಚಿನಲ್ಲಿ ಒಮ್ಮೆ ನಿಂತ ಯಾರೂ ಆ ಹೋಲಿಕೆ ಮಾಡುವುದಿಲ್ಲ. ಅಲ್ಲಿ ಓಡುವುದು ಕೋಣ. ಓಡಿಸುವವನು ಅದರ ವೇಗಕ್ಕೆ ತನ್ನನ್ನು ಒಪ್ಪಿಸಿಕೊಂಡು, ಬೀಳದೆ, ಹಿಡಿತ ಬಿಡದೆ ಜೊತೆಗೆ ಸಾಗಬೇಕು. ಅದೊಂದು ಬೇರೆಯೇ ವಿದ್ಯೆ. ದೆಹಲಿಯಿಂದ ಟ್ರಯಲ್ಸ್‌ಗೆ ಕರೆ ಬಂದಾಗ, ಕಂಬಳವೇ ಬೇರೆ ಟ್ರ್ಯಾಕ್ ಓಟವೇ ಬೇರೆ ಎಂದು ತಿಳಿದಿದ್ದ ಶ್ರೀನಿವಾಸ ಗೌಡರು ಒಲ್ಲೆನೆಂದರು. ನಮ್ಮ ಪುಟಗಳು ಮೊದಲ ದಿನವೇ ಹೇಳಬೇಕಿದ್ದ ಮಾತನ್ನು ಕೊನೆಗೆ ಓಡಿದವರೇ ಹೇಳಬೇಕಾಯಿತು. ಕನ್ನಡದ ಕ್ರೀಡಾ ಡೆಸ್ಕುಗಳು ತಲೆತಗ್ಗಿಸಬೇಕಾದ ವಾರ ಅದು ಎಂದು ಇಂದಿಗೂ ನನಗೆ ಅನ್ನಿಸುತ್ತದೆ.

ಕೊಡಗಿನ ಹಾಕಿ ಆಟಗಾರರ ಹೆಸರುಗಳ ವಿಷಯಕ್ಕೆ ಬನ್ನಿ. ಎಂ.ಪಿ. ಗಣೇಶ್ ಎಂದರೆ ಮೊಳ್ಳೇರ ಪೂವಯ್ಯ ಗಣೇಶ್, ಎಂ.ಎಂ. ಸೋಮಯ್ಯ ಎಂದರೆ ಮನೆಯಪಂಡ ಮುತ್ತಣ್ಣ ಸೋಮಯ್ಯ. ಮೊದಲ ಅಕ್ಷರದಲ್ಲಿರುವುದು ಮನೆತನ. ಆ ಮನೆತನದ ಹೆಸರಿನಲ್ಲೇ ತಂಡ ಕಟ್ಟಿ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವ ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳಿಂದ ಆರಂಭವಾಯಿತು. 2024ರಲ್ಲಿ ನಾಪೋಕ್ಲುವಿನಲ್ಲಿ ಅದೇ ಉತ್ಸವಕ್ಕೆ 360 ಕುಟುಂಬಗಳ ತಂಡಗಳು ಬಂದವು. ಹೆಚ್ಚಿನ ರಾಜ್ಯ ಪುಟಗಳಲ್ಲಿ ಇದಕ್ಕೆ ಸಿಗುವುದು ಫೈನಲ್ ದಿನದ ಒಂದು ಚಿತ್ರ ಮಾತ್ರ. ಮನೆತನದ ಹೆಸರನ್ನು ತಪ್ಪಾಗಿ ಅಚ್ಚು ಹಾಕಿದರೆ ಒಂದಿಡೀ ಕುಟುಂಬಕ್ಕೆ ನೋವಾಗುತ್ತದೆ ಎಂದು ತಿಳಿದ ಒಬ್ಬರಾದರೂ ಡೆಸ್ಕಿನಲ್ಲಿ ಇರಬೇಡವೇ?

ಮೈಸೂರು ದಸರಾ ಕುಸ್ತಿಗೆ ಮುನ್ನ ನಡೆಯುವ ಜೋಡಿ ಕಟ್ಟುವ ಕಾರ್ಯಕ್ರಮಕ್ಕೆ ನಾನು ಹಲವು ವರ್ಷ ಹೋಗಿದ್ದೇನೆ. ಒಂದು ವರ್ಷ ನಾನು ಕಂಡ ನೋಟ ಇದು. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿದರು. ಹಿರಿಯ ಪೈಲ್ವಾನರೊಬ್ಬರು ತಕ್ಕಡಿಯ ಕಡೆ ನೋಡಲಿಲ್ಲ; ಒಬ್ಬನ ಭುಜ ಅದುಮಿದರು, ಇನ್ನೊಬ್ಬನ ಕುತ್ತಿಗೆಯ ಹಿಂಭಾಗಕ್ಕೆ ಅಂಗೈ ಇಟ್ಟು ತುಸು ಒತ್ತಿದರು, ‘ಇವನಿಗೆ ಇವನು ಬೇಡ, ಇನ್ನೊಂದು ವರ್ಷ ಮಟ್ಟಿಯಲ್ಲಿ ಉರುಳಲಿ’ ಎಂದು ಜೋಡಿ ಬಿಡಿಸಿದರು. ಬೇಡವಾದ ಹುಡುಗ ಕಣ್ಣೊರೆಸಿಕೊಳ್ಳುತ್ತಾ ಗೋಡೆಯ ಬದಿಗೆ ಹೋಗಿ ನಿಂತ. ಮರುದಿನದ ಯಾವ ಪತ್ರಿಕೆಯಲ್ಲೂ ಆ ಹುಡುಗ ಇರಲಿಲ್ಲ; ಉದ್ಘಾಟಿಸಿದ ಗಣ್ಯರ ಹೆಸರುಗಳು ಮಾತ್ರ ಸಾಲಾಗಿದ್ದವು. ಕ್ರೀಡಾ ಸಂಪಾದಕರ ಕೆಲಸವೆಂದರೆ ಗಣ್ಯರ ಸಾಲನ್ನು ತೆಗೆದು ಆ ಹುಡುಗನಿಗೆ ಜಾಗ ಮಾಡುವುದು. ಈ ಆಯ್ಕೆಯನ್ನು ದಿನಕ್ಕೆ ಹತ್ತು ಬಾರಿ ಮಾಡಬೇಕಾಗುತ್ತದೆ.

ಡೆಸ್ಕಿನವಳೆಂದು ನಿಮ್ಮನ್ನು ನೀವೇ ಕೀಳು ಮಾಡಿಕೊಂಡಿರುವುದು ನನಗೆ ಸಿಟ್ಟು ತರಿಸಿತು. ಐಪಿಎಲ್ ಪಂದ್ಯ ಶುರುವಾಗುವುದು ರಾತ್ರಿ ಏಳೂವರೆಗೆ. ಅದು ಮುಗಿಯುವ ಹೊತ್ತಿಗೆ ದೂರದ ಆವೃತ್ತಿಗಳ ಪುಟ ಮುದ್ರಣಕ್ಕೆ ಹೋಗಿರುತ್ತದೆ. ಬೆಳಿಗ್ಗೆ ಕೂಡ್ಲಿಗಿಯ ಓದುಗ ಅರ್ಧ ಪಂದ್ಯದ ವರದಿಯನ್ನು ಕೈಯಲ್ಲಿ ಹಿಡಿದಿರುತ್ತಾನೆ, ಫಲಿತಾಂಶವನ್ನು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ಕಂಡಿರುತ್ತಾನೆ. ಆ ಅರ್ಧ ಪಂದ್ಯಕ್ಕೆ ಐದು ಕಾಲಂ ಕೊಟ್ಟು, ಹಿಂದಿನ ಸಂಜೆ ಅವನ ಊರಿನಲ್ಲೇ ನಡೆದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ‘ಚುಟುಕು’ಗಳಲ್ಲಿ ತುರುಕುವುದು ಎಂಥ ಲೆಕ್ಕಾಚಾರ? ಎಲ್ಲಿಯೂ ಸಿಗದ ಸುದ್ದಿಯನ್ನು ಸಣ್ಣದಾಗಿಯೂ ಎಲ್ಲೆಡೆ ಸಿಗುವ ಸುದ್ದಿಯನ್ನು ದೊಡ್ಡದಾಗಿಯೂ ಹಾಕುವ ಈ ಪದ್ಧತಿ ಎಷ್ಟು ದುಬಾರಿ ಎಂದು ಪ್ರೆಸ್‌ಬಾಕ್ಸಿನಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಒಂಬತ್ತು ವರ್ಷ ಆ ಪುಟವನ್ನು ರಾತ್ರಿ ಕಳುಹಿಸಿ ಬೆಳಿಗ್ಗೆ ಬಸ್‌ ನಿಲ್ದಾಣದಲ್ಲಿ ಜನ ಅದನ್ನು ಹೇಗೆ ಮಗುಚುತ್ತಾರೆ ಎಂದು ಕಂಡ ನಿಮಗೆ ತಿಳಿದಿದೆ.

ಖೋ ಖೋ ಬಗ್ಗೆಯೂ ಒಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ನಮ್ಮ ಪುರುಷರೂ ಮಹಿಳೆಯರೂ ಗೆದ್ದರು. ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದ ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಮರುದಿನದ ವರದಿಗಳಲ್ಲಿ ಅಂಕಗಳಿದ್ದವು, ಅಭಿನಂದನೆಗಳಿದ್ದವು. ಓಟಗಾರ್ತಿಯರು ಔಟಾಗದೆ ಉಳಿದು ಗಳಿಸುವ ‘ಡ್ರೀಮ್ ರನ್’ ಅಂಕ ಎಂದರೇನು ಎಂದು ವಿವರಿಸಿದ ಸಾಲುಗಳಿಗಾಗಿ ನಾನು ಹುಡುಕಬೇಕಾಯಿತು. ಬೆನ್ನಟ್ಟಿ ಬರುವವಳ ಭುಜ ಯಾವ ಕಡೆ ವಾಲಿದರೆ ಯಾವ ಕಡೆ ನುಸುಳಬೇಕೆಂದು ಮೈಯಿಂದಲೇ ಕಲಿತ ನೀವು ಆ ರಾತ್ರಿ ಆ ಡೆಸ್ಕುಗಳಲ್ಲಿ ಇದ್ದಿದ್ದರೆ ಅದನ್ನು ನಾಲ್ಕು ಸಾಲಿನಲ್ಲಿ ಬಿಡಿಸಿ ಹೇಳುತ್ತಿದ್ದಿರಿ. ಅದನ್ನು ‘ಬರೀ’ ಎನ್ನಬೇಡಿ.

ಈಗ ಕರಡಿನ ವಿಷಯ. ಅದರಲ್ಲಿ ನಿಮ್ಮ ಪದವಿ ಇದೆ, ಡಿಪ್ಲೊಮಾ ಇದೆ, ನುಡಿ ಮತ್ತು ಇನ್‌ಡಿಸೈನ್ ತಂತ್ರಾಂಶಗಳನ್ನು ಬಲ್ಲೆ ಎಂಬ ಸಾಲಿದೆ. ಒಂದೇ ಒಂದು ಪಂದ್ಯವಿಲ್ಲ, ಒಬ್ಬ ಆಟಗಾರ್ತಿಯೂ ಇಲ್ಲ. ಆಯ್ಕೆ ಸಮಿತಿಗಳಲ್ಲಿ ಕುಳಿತು ನಾನು ಓದಿದ ಅರ್ಜಿಗಳು ಬಹುಪಾಲು ಹೀಗೇ ಇದ್ದವು. ತಪ್ಪು ಅರ್ಜಿದಾರರದು ಮಾತ್ರವಲ್ಲ. ಪತ್ರಿಕೆಗಳ ಜಾಹೀರಾತೇ ಡಿಜಿಟಲ್ ಅನುಭವವನ್ನೂ ಅನುವಾದದ ವೇಗವನ್ನೂ ಕೇಳುತ್ತದೆ, ರಾಜ್ಯದ ಎಷ್ಟು ಮೈದಾನಗಳನ್ನು ಕಂಡಿದ್ದೀರಿ ಎಂದು ಕೇಳುವುದಿಲ್ಲ. ವೇಗದ ಅನುವಾದದ ಫಲವಾಗಿ ಸೊನ್ನೆಗೆ (ಇಂಗ್ಲಿಷಿನಲ್ಲಿ ‘ಡಕ್’) ಔಟಾದ ಬ್ಯಾಟರ್ ‘ಬಾತುಕೋಳಿಗೆ’ ಔಟಾದದ್ದನ್ನು ನಾನು ಅಚ್ಚಿನಲ್ಲಿ ಓದಿದ್ದೇನೆ. ಇನ್ನೊಂದೆಡೆ, ಶಾಲಾ ಕ್ರೀಡಾಕೂಟಕ್ಕೆ ತನ್ನ ಪೆಟ್ರೋಲಿನಲ್ಲಿ ಹೋಗಿ, ದೈಹಿಕ ಶಿಕ್ಷಕರ ಕೈಬರಹದ ಫಲಿತಾಂಶ ಪಟ್ಟಿಯನ್ನು ಬಿಸಿಲಲ್ಲಿ ನಿಂತು ನಕಲು ಮಾಡಿಕೊಂಡು ಬರುವ ತಾಲ್ಲೂಕು ಸುದ್ದಿಗಾರನಿಗೆ ನಾವು ಕೊಡುವುದು ಅವನ ಪೆಟ್ರೋಲಿಗೂ ಸಾಲದು. ಅವನು ಬರುವುದನ್ನು ನಿಲ್ಲಿಸಿದ ದಿನ ‘ಸ್ಥಳೀಯ ಕ್ರೀಡೆಗೆ ಸುದ್ದಿಯೇ ಬರುತ್ತಿಲ್ಲ’ ಎಂದು ಆ ಜಾಗಕ್ಕೆ ಐಪಿಎಲ್ ಚಿತ್ರ ಹಾಕುತ್ತೇವೆ.

ಆದ್ದರಿಂದ ಅರ್ಜಿಯನ್ನು ಹೀಗೆ ತಿದ್ದಿ. ಮೊದಲ ಹಾಳೆಯಲ್ಲಿ, ನೀವು ಸಂಪಾದಕಿಯಾದರೆ ಮೊದಲ ವಾರದ ಏಳು ಪುಟಗಳಲ್ಲಿ ಏನಿರುತ್ತದೆ ಎಂದು ಬರೆಯಿರಿ. ಯಾವ ಊರು, ಯಾವ ಪಂದ್ಯ, ಯಾರು ಹೋಗುತ್ತಾರೆ, ಜಿಲ್ಲಾ ಆವೃತ್ತಿಗೆ ಯಾವ ಲೀಡ್ (ಪುಟದ ಮುಖ್ಯ ಸುದ್ದಿ), ನಗರ ಆವೃತ್ತಿಗೆ ಯಾವುದು ಎಂಬ ಮಟ್ಟಿಗೆ. ಅದರ ಹಿಂದೆ ನೀವೇ ಬರೆದ ಮೂರು ವರದಿಗಳಿರಲಿ. ಖೋ ಖೋ ಪ್ರಮಾಣಪತ್ರವನ್ನು ಖಂಡಿತ ಲಗತ್ತಿಸಿ, ಪದವಿ ಪ್ರಮಾಣಪತ್ರಕ್ಕಿಂತ ಮೇಲೆ ಇಡಿ. ಇಂಗ್ಲಿಷಿನ ಪ್ರಶ್ನೆ ಬಂದರೆ ಓದಿ ಅರ್ಥಮಾಡಿಕೊಳ್ಳುವಷ್ಟು ಬರುತ್ತದೆ ಎಂದು ನೇರವಾಗಿ ಹೇಳಿ. ಒಂಬತ್ತು ವರ್ಷದಿಂದ ಏಜೆನ್ಸಿ ಪ್ರತಿಗಳನ್ನು ನೀವು ಓದುತ್ತಲೇ ಇದ್ದೀರಿ. ಸಂದರ್ಶನದ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯೇ’ ಎಂದಾಗ ಸಂಬಳದ ಮಾತಿಗೆ ಮೊದಲು, ತಾಲ್ಲೂಕು ಸುದ್ದಿಗಾರರಿಗೆ ಒಂದು ಕ್ರೀಡಾ ವರದಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿ. ಅವರು ಕೊಟ್ಟ ಉತ್ತರವನ್ನು ನನಗೂ ಬರೆದು ತಿಳಿಸಿ.