ಕಾಡು ನೋಡಿದಾಗ ಕ್ರೈಸ್ತರಿಗೂ ಕೈಮುಗಿಯಬೇಕು ಅನಿಸುತ್ತದಾ?

ನೀವು ಕೇಳಿದ್ದು ಇದು: ಕ್ರೈಸ್ತರು ಮರ, ನದಿ, ಬನ ಯಾವುದನ್ನೂ ಪೂಜಿಸುವುದಿಲ್ಲ. ಹಾಗಾದರೆ ದೊಡ್ಡ ಕಾಡಿನಲ್ಲಿ ನಿಂತಾಗ ನಿಮಗೆ ಏನೂ ಅನಿಸುವುದಿಲ್ಲವಾ? ಅನಿಸಿದರೆ ಅದು ನಿಮ್ಮ ಧರ್ಮದಲ್ಲಿ ತಪ್ಪಾ?

ಅನಿಸುತ್ತದೆ. ತಪ್ಪಲ್ಲ. ನಾನು ಮಂಗಳೂರು ಕಡೆಯ ಕಥೋಲಿಕ. ನಮ್ಮಲ್ಲಿ ಇದು ಶುರುವಾಗುವುದೇ ಗದ್ದೆಯಿಂದ.

ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ನಾವು ಮೊಂತಿ ಫೆಸ್ತ್ ಎನ್ನುತ್ತೇವೆ, ತೆನೆ ಹಬ್ಬ ಅಂತಲೂ ಕರೆಯುತ್ತಾರೆ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳೆಲ್ಲ ಹೂ ತಗೊಂಡು ಚರ್ಚಿಗೆ ಹೋಗಬೇಕು. ನಮ್ಮ ಅಂಗಳದ ಹೂ ಮೂರನೇ ದಿನಕ್ಕೇ ಖಾಲಿಯಾಗುತ್ತಿತ್ತು. ಆಮೇಲೆ ಪಕ್ಕದ ಮನೆಯ ಬೇಲಿಯೇ ಗತಿ. ಆ ಮನೆಯ ಅಕ್ಕ ಬೈಯುತ್ತಿರಲಿಲ್ಲ. ಗೌರಿ ಹೂ, ದಾಸವಾಳ ತಾವೇ ಕೊಯ್ದು ಇಟ್ಟಿರುತ್ತಿದ್ದರು. (ಅವರು ತುಳುವರು. ಅವರಲ್ಲೂ ಹೊಸ ಅಕ್ಕಿ ಊಟ ಇದೆ, ಪುದ್ವಾರ್ ಅಂತ.) ಹಬ್ಬದ ದಿನ ಫಾದರ್ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅಜ್ಜಿ ಅದರ ಕಾಳು ಸುಲಿದು, ಅರೆದು, ಪಾಯಸಕ್ಕೆ ಸೇರಿಸುತ್ತಿದ್ದರು. ಅವತ್ತು ಮೀನಿಲ್ಲ, ಕೋಳಿಯಿಲ್ಲ, ಬಾಳೆಲೆಯ ಮೇಲೆ ಬರೀ ತರಕಾರಿ. ನಮ್ಮವರ ಮಟ್ಟಿಗೆ ಅದು ಸಣ್ಣ ತ್ಯಾಗ ಏನಲ್ಲ! ಮುಂಬೈಯಲ್ಲಿದ್ದ ಚಿಕ್ಕಪ್ಪನಿಗೆ ನಾಲ್ಕು ಕಾಳು ಅಂಚೆಯಲ್ಲಿ, ಲಕೋಟೆಯೊಳಗೆ ಹೋಗುತ್ತಿತ್ತು.

ಆ ತೆನೆಗೆ ಯಾರೂ ಪ್ರಾರ್ಥನೆ ಮಾಡುವುದಿಲ್ಲ. ತೆನೆ ಕೈಯಲ್ಲಿ ಹಿಡಿದು ದೇವರಿಗೆ ಮಾಡುತ್ತೇವೆ. ಇಟಲಿಯ ಅಸ್ಸಿಸಿ ಊರಿನ ಸಂತ ಫ್ರಾನ್ಸಿಸ್ 1225ರ ಹೊತ್ತಿಗೆ ಕಟ್ಟಿದ ಸ್ತುತಿಗೀತೆಯಲ್ಲೂ ಇದೇ ಇದೆ. ಸೂರ್ಯನನ್ನು ಅಣ್ಣ ಎನ್ನುತ್ತಾನೆ, ನೀರನ್ನು ತಂಗಿ ಎನ್ನುತ್ತಾನೆ, ಆದರೆ ಸ್ತುತಿ ಸಲ್ಲುವುದು ಅವರನ್ನು ಸೃಷ್ಟಿಸಿದವನಿಗೆ. ಆಗ ಅವನಿಗೆ ಕಣ್ಣಿನ ಕಾಯಿಲೆ, ಬೆಳಕನ್ನು ನೋಡಿದರೇ ನೋವು. ಸೂರ್ಯನನ್ನು ನೋಡಲಾಗದವನು ಸೂರ್ಯನಿಗಾಗಿ ಥ್ಯಾಂಕ್ಸ್ ಹೇಳಿದ. 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅವನನ್ನು ಪರಿಸರದ ಪಾಲಕ ಸಂತ ಎಂದು ಘೋಷಿಸಿದರು. ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರದ ಬಗ್ಗೆ ಬರೆದ ಪತ್ರಕ್ಕೂ ಆ ಗೀತೆಯ ಮಾತನ್ನೇ ಹೆಸರಾಗಿ ಇಟ್ಟರು, ‘ಲೌದಾತೋ ಸಿ’ ಅಂತ, ಅಂದರೆ ‘ನಿನಗೆ ಸ್ತುತಿ’.

ಆದರೂ ನಿಜ ಹೇಳುತ್ತೇನೆ. ಬಹಳ ವರ್ಷ ನನ್ನ ಪಾಲಿಗೆ ಪ್ರಕೃತಿ ಅಂದರೆ ದೇವರು ನಮಗೆ ಬಡಿಸಿದ ಊಟ, ಅಷ್ಟೇ. ಆ ಲೆಕ್ಕ ತಪ್ಪಿಸಿದ್ದು ದಾಂಡೇಲಿ ಕಾಡಿನ ಒಂದು ಮಂಗಟ್ಟೆ ಹಕ್ಕಿ (ಹಾರ್ನ್‌ಬಿಲ್).

ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಾರೆ ಯಾವುದು ಗೊತ್ತಾ? ಹೆಚ್ಚಾಗಿ ತನ್ನದೇ ಹಿಕ್ಕೆ. ಕೊಕ್ಕು ತೂರುವಷ್ಟು ಸಂದು ಬಿಟ್ಟು ವಾರಗಟ್ಟಲೆ ಒಳಗೇ ಇರುತ್ತದೆ. ಗಂಡು ಹಣ್ಣು ನುಂಗಿಕೊಂಡು ಬಂದು, ಗಂಟಲಿನಿಂದ ಒಂದೊಂದೇ ಹೊರತೆಗೆದು, ಆ ಸಂದಿನಲ್ಲಿ ಕೊಡುತ್ತದೆ. ನಾನು ದೂರದಲ್ಲಿ ಕೂತು ಹಣ್ಣು ಎಣಿಸುತ್ತಿದ್ದೆ. ನಡುವೆ ಎಲ್ಲೋ ಎಣಿಸುವುದೇ ಮರೆತುಹೋಯಿತು. ಈ ಸಂಸಾರಕ್ಕೂ ನನಗೂ ಏನೂ ಸಂಬಂಧವಿಲ್ಲ. ನಾನು ಹುಟ್ಟದೇ ಇದ್ದಿದ್ದರೂ ಇಲ್ಲಿ ಊಟ ನಡೆಯುತ್ತಿತ್ತು.

ಬೈಬಲಿನಲ್ಲಿ ಯೋಬ ಅಂತ ಒಬ್ಬನಿದ್ದಾನೆ. ಮಕ್ಕಳು, ದನಕರು, ಆರೋಗ್ಯ ಎಲ್ಲ ಕಳೆದುಕೊಂಡು ದೇವರನ್ನು ‘ಯಾಕೆ’ ಎಂದು ಕೇಳುತ್ತಾನೆ. ದೇವರು ಕಾರಣ ಹೇಳುವುದಿಲ್ಲ, ತಿರುಗಿ ಪ್ರಶ್ನೆ ಹಾಕುತ್ತಾನೆ. ಕಾಗೆಮರಿಗಳು ಹಸಿದು ಕೂಗಿದರೆ ಉಣಿಸುವವರು ಯಾರು? ಮನುಷ್ಯರೇ ಇಲ್ಲದ ಬರಡು ನೆಲಕ್ಕೆ ಮಳೆ ತರುವವರು ಯಾರು? ಚಿಕ್ಕವನಿದ್ದಾಗ ಇದು ನನಗೆ ಮಾತು ತಪ್ಪಿಸಿದ ಹಾಗೆ ಕಂಡಿತ್ತು. ದಾಂಡೇಲಿಯಿಂದ ಬಂದು ಆ 38ನೇ ಅಧ್ಯಾಯವನ್ನು ಮತ್ತೆ ಓದಿದೆ. ಯಾರೂ ಇಲ್ಲದ ಕಡೆ ಮಳೆ! ನನಗೆ ಅವಮಾನ ಅನಿಸಬೇಕಿತ್ತು. ಆದರೆ ಹೆಗಲಿನ ಹೊರೆ ಇಳಿಸಿದ ಹಾಗಾಯಿತು. ನನ್ನ ಮಟ್ಟಿಗೆ ಆರಾಧನೆ ಅಂದರೆ ಅದೇ.

ಹಾಗಂತ ಯಾವಾಗಲೂ ಕೈ ಮೇಲೇಳುವುದಿಲ್ಲ. ಒಂದು ವರ್ಷ ಹೊಳೆ ಉಕ್ಕಿ ನಮ್ಮ ಗದ್ದೆಯಲ್ಲಿ ಮೂರು ದಿನ ನೀರು ನಿಂತಿತು, ಪೈರು ಕೊಳೆಯಿತು. ಆ ಸಲ ಹಬ್ಬಕ್ಕೆ ತೆನೆ ಬೇರೆ ಊರಿನಿಂದ ಬಂತು. ಅಪ್ಪ ಅದನ್ನು ಹಿಡಿದುಕೊಂಡು ಸುಮ್ನೆ ನಿಂತಿದ್ದರು, ಹಾಡಲಿಲ್ಲ. ನಾನೂ ಹಾಡಲಿಲ್ಲ. ಅಜ್ಜಿ ಮಾತ್ರ ಇಬ್ಬರ ಪಾಲನ್ನೂ ಸೇರಿಸಿ ಜೋರಾಗಿ ಹಾಡಿದರು.

ನಿಮಗೂ ನೋಡುವ ಮನಸ್ಸಿದ್ದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ದಾಂಡೇಲಿಗೆ ಹೋಗಿ. ಊರಿನ ಗೈಡ್ ಒಬ್ಬರನ್ನು ಕರೆದುಕೊಳ್ಳಿ. ಪೊಟರೆಯ ಹತ್ತಿರ ಮಾತ್ರ ಹೋಗಬೇಡಿ. ಮನುಷ್ಯರನ್ನು ಕಂಡರೆ ಗಂಡು ಹಣ್ಣು ಕೊಡದೆ ಹಾಗೇ ಹಾರಿಹೋಗಬಹುದು, ಒಳಗಿದ್ದವರಿಗೆ ಉಪವಾಸ.